ಆಷಾಢದ ಗಾಜು

ಹೂಡಿಯ ಮುನಿಕೃಷ್ಣನಿಗೆ ಬೇಕಾಗಿದ್ದದ್ದು ತನ್ನ ತೊಟ್ಟಿಯಲ್ಲೇ ಹುಟ್ಟಿದ ಮೀನಿನ ಮರಿ. ಮನೆಗಳ ಬಾಡಿಗೆ ಬರುತ್ತಿತ್ತು, ಹೊಟ್ಟೆಬಟ್ಟೆಗೆ ಕೊರತೆಯಿರಲಿಲ್ಲ. ಆದರೆ ‘ಅಪ್ಪ ಕಟ್ಟಿಸಿಟ್ಟದ್ದನ್ನು ತಿಂದುಕೊಂಡು ಬಿದ್ದಿದ್ದಾನೆ’ ಎಂದು ಬೀದಿಯವರು ಆಡಿಕೊಳ್ಳುವುದನ್ನು ಕೇಳಿ ಕೇಳಿ ಅವನ ತಲೆ ಕೆಟ್ಟಿತ್ತು. ಇದು ನಾನು ಮಾಡಿದ್ದು ಎಂದು ಹೇಳಿಕೊಳ್ಳಲು ಏನಾದರೊಂದು ಬೇಕಿತ್ತು.

ಅದಕ್ಕೆ ಆರಿಸಿಕೊಂಡದ್ದಾದರೂ ಎಂಥ ಜೀವವನ್ನು! ಫ್ಲವರ್‌ಹಾರ್ನ್. ಆ ವರ್ಷಗಳಲ್ಲಿ ವೈಟ್‌ಫೀಲ್ಡ್ ಕಡೆಯ ಹೊಸ ಮನೆಗಳ ಹಾಲ್‌ನಲ್ಲೆಲ್ಲ ಅದೃಷ್ಟ ತರುತ್ತದೆಂದು ಸಾಕುತ್ತಿದ್ದ ಮೀನು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಉಬ್ಬು, ಮೂಗಿನ ತುದಿಯಲ್ಲೇ ಕೋಪ. ತೊಟ್ಟಿ ಒರೆಸಲು ಕೈ ಹಾಕಿದರೆ ಅನ್ನ ಹಾಕುವವನನ್ನೇ ಕಚ್ಚುತ್ತಿತ್ತು. ತಂದ ಜೋಡಿಯಲ್ಲಿ ಹೆಣ್ಣು ಎರಡು ಸಲ ಮೊಟ್ಟೆಯಿಟ್ಟಿತು, ಎರಡು ಸಲವೂ ಬೂಷ್ಟು ಹಿಡಿದು ಹಾಳಾಯಿತು. ಗಂಡಿನಲ್ಲೇ ದೋಷ ಎಂದರು ಅಂಗಡಿಯವರು. ಹೊಸ ಗಂಡು ತಂದರೆ ಬಂದ ದಿನವೇ ಹೆಣ್ಣಿನ ರೆಕ್ಕೆ ಹರಿದು ಹಾಕಿತು. ಕೊನೆಗೆ ತೊಟ್ಟಿಯ ನಡುವೆ ಗಾಜೊಂದನ್ನು ಅಡ್ಡ ಇಳಿಸಿದ. ನೋಡಿ ನೋಡಿ ಹೊಂದಿಕೊಳ್ಳಲಿ, ಮೊಟ್ಟೆಯಿಡುವ ಹೊತ್ತಿಗೆ ತಾನೇ ಎದುರು ನಿಂತು ಗಾಜು ಎತ್ತಿದರಾಯಿತು ಎಂದುಕೊಂಡ.

“ಯಾಕ್ಲಾ, ಗಂಡ ಎಂಡ್ರನ್ನ ಇಂಗೆ ಬೇರೆ ಮಡಗಿದ್ದೀಯ?” ಎಂದು ಕೇಳಿದಳು ತಾಯಿ ಅಶ್ವತ್ಥಮ್ಮ.

ನೀರು ಬದಲಿಸಿ ಸಾಕಾಗಿ ಹೋಗಿದ್ದ ಮುನಿಕೃಷ್ಣ, “ಆಷಾಢ ಅಲ್ವೇನಮ್ಮ, ಹೊಸ ಜೋಡಿ” ಎಂದು ಬಾಯಿಗೆ ಬಂದದ್ದನ್ನು ಹೇಳಿ ಎದ್ದುಹೋದ. ಹೊಸದಾಗಿ ಮದುವೆಯಾದವರನ್ನು ಆ ತಿಂಗಳು ದೂರವಿಡುವ ಮನೆತನ ಅವಳದು. ನಂಬಿದಳು.

ಹೆಣ್ಣಿನ ಹೊಟ್ಟೆ ಮತ್ತೆ ತುಂಬಿತು. ತನ್ನ ಬದಿಯ ಕಲ್ಲನ್ನು ಬಾಯಿಂದ ಉಜ್ಜಿ ಉಜ್ಜಿ ಶುಚಿ ಮಾಡತೊಡಗಿತು. ಇಂದೋ ನಾಳೆಯೋ ಎಂದು ಮುನಿಕೃಷ್ಣ ತೊಟ್ಟಿಯ ಮುಂದೆಯೇ ಊಟ ಮಾಡಿದ.

ಶ್ರಾವಣದ ಮೊದಲ ದಿನ ಅವನು ಮೀನಿನ ಆಹಾರ ತರಲೆಂದು ಮಹದೇವಪುರಕ್ಕೆ ಹೋದ. ಬರುವಷ್ಟರಲ್ಲಿ ಅಶ್ವತ್ಥಮ್ಮ ಬಾಗಿಲಿಗೆ ತೋರಣ ಕಟ್ಟಿದ್ದಳು, ತೊಟ್ಟಿಗೆ ಕುಂಕುಮವಿಟ್ಟಿದ್ದಳು, ಗಾಜನ್ನು ಎತ್ತಿ ಗೋಡೆಗೆ ಒರಗಿಸಿದ್ದಳು. ಹೆಣ್ಣು ಮೂಲೆಯಲ್ಲಿ ಮಗುಚಿ ತೇಲುತ್ತಿತ್ತು.

“ಬುದ್ಧಿ ಇದೆಯಾ ನಿಂಗೆ? ಯಾರು ಮುಟ್ಟು ಅಂದ್ರು?” ಕೈಯಲ್ಲಿದ್ದ ಪೊಟ್ಟಣವನ್ನು ನೆಲಕ್ಕೆ ಬಡಿದ. ತಿಂಗಳುಗಟ್ಟಲೆ ನುಂಗಿಕೊಂಡಿದ್ದ ಹತಾಶೆಯೆಲ್ಲ ಒಟ್ಟಿಗೇ ನುಗ್ಗಿ ಬಂತು. ಕೈಯೂ ಮೇಲೆದ್ದಿತು.

ಅಶ್ವತ್ಥಮ್ಮ ಹಿಂದೆ ಸರಿದು ಮುಖಕ್ಕೆ ಮೊಣಕೈ ಅಡ್ಡ ಹಿಡಿದಳು. ಅದು ಹಳೆಯ ಅಭ್ಯಾಸ.

“ಆಸಾಡ ಮುಗೀತಲ್ಲ ಅಂತ ಎತ್ತಿದೆ ಕಣಪ್ಪ. ನೀನೇ ಏಳಿದ್ದಲ್ವಾ?” ಎಂದಳು. ಆಮೇಲೆ ಗೋಡೆಯ ಮೇಲಿದ್ದ ಗಂಡನ ಫೋಟೋ ಕಡೆ ನೋಡಿದಳು. “ನಿಮ್ಮಪ್ಪನೂ ಇಂಗೇ ಇದ್ದ. ನಂಗೆ ಯಾರೂ ಗಾಜು ಅಡ್ಡ ಇಡ್ಲಿಲ್ಲ. ಮೀನಾದ್ರೂ ಅಂಗಿರಲ್ಲ ಅಂದ್ಕಂಡೆ.”

ಮುನಿಕೃಷ್ಣ ಕೈ ಇಳಿಸಿದ. ನಾಚಿಕೆಯಿಂದ ತಾಯಿಯ ಮುಖ ನೋಡಲಾಗಲಿಲ್ಲ. ತೊಟ್ಟಿಯಲ್ಲಿ ಗಂಡು ಇನ್ನೂ ಹೆಣ್ಣನ್ನು ಗುದ್ದುತ್ತಲೇ ಇತ್ತು. ಅವನು ಗೋಡೆಯ ಬಳಿಯಿದ್ದ ಗಾಜನ್ನು ತಂದು, ಸತ್ತ ಮೀನಿಗೂ ಅದಕ್ಕೂ ನಡುವೆ ಇಳಿಸಿದ.