ಕಣದಲ್ಲಿ ಮಣ್ಣಾದ ಅಕ್ಕ

ಶಿರವಾಳದ ಹೊಲಗಳಿಗೆ ಕಾಲುವೆ ನೀರು ಬಂದ ಹೊಸತು. ಜೋಳ ಬೆಳೆಯುತ್ತಿದ್ದವರೆಲ್ಲ ಭತ್ತ ಹಚ್ಚಿದ್ದರು. ಆ ವರ್ಷವೇ ನನ್ನ ಅಕ್ಕ ಎಸ್ತೇರ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ.

ನಾವು ಶಹಾಪುರದ ಕ್ರೈಸ್ತರು. ಅಪ್ಪ ನಮ್ಮ ಚರ್ಚಿನ ಸಭಾಹಿರಿಯ. ಅಕ್ಕ ಶಿರವಾಳದ ಹಿಂದೂ ಹುಡುಗ ಮಲ್ಲಪ್ಪನನ್ನು ಮೆಚ್ಚಿ ಗುಡಿಯಲ್ಲಿ ತಾಳಿ ಕಟ್ಟಿಸಿಕೊಂಡಾಗ, ಅಪ್ಪನೇ ಮುಂದೆ ನಿಂತು ಅವಳನ್ನು ಸಭೆಯಿಂದ ಹೊರಗೆ ಹಾಕಿಸಿದ್ದ.

ಸಾಯುವ ಮುಂಚೆ ಅಕ್ಕ ಕೇಳಿದ್ದು ಇಷ್ಟೇ. "ನಮ್ಮವ್ವನ ಮಗ್ಗಲದಾಗ ಇಡ್ರಿ." ಅವ್ವನ ಸಮಾಧಿ ಚರ್ಚಿನ ಸ್ಮಶಾನದಲ್ಲಿತ್ತು.

ಹೆರಿಗೆಗೆಂದು ಅವಳ ಜೊತೆಗಿದ್ದ ನಾನು ಶಹಾಪುರದ ಮನೆಗೆ ಧಾವಿಸಿದೆ. "ಅಪ್ಪಾ, ನಿನ್ನ ಕಾಲಿಗಿ ಬೀಳ್ತೀನಿ, ಆಕಿಗಿ ಜಾಗ ಕೊಡಸು" ಎಂದೆ.

"ಸಭಾದ ಹೊರಗಿನವರಿಗಿ ಅಲ್ಲಿ ಜಾಗ ಇಲ್ಲ. ಮಗಳಿಗೊಂದು, ಮಂದಿಗೊಂದು ನಿಯಮ ಮಾಡಾಕ ಬರಂಗಿಲ್ಲ" ಎಂದ. ಹಿಂದಿನ ಭಾನುವಾರವಷ್ಟೇ ಇದೇ ಅಪ್ಪ ಚರ್ಚಿನಲ್ಲಿ ಯೇಸುವಿನ ಪ್ರೀತಿಯ ಬಗ್ಗೆ ಗಂಟಲು ಹರಿಯುವ ಹಾಗೆ ಪ್ರಾರ್ಥನೆ ಮಾಡಿದ್ದ.

ಶಿರವಾಳದ ಹಿರಿಯರೇನೂ ಕಡಿಮೆ ಇರಲಿಲ್ಲ. "ಆಕಿ ನಮ್ಮ ಪೈಕಿ ಅಲ್ಲ" ಎಂದು ಅವರೂ ತಮ್ಮ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಮಲ್ಲಪ್ಪನ ಹೊಲದಲ್ಲೇ ಇಡೋಣವೆಂದರೆ, ಗುದ್ದಲಿ ಹಾಕಿದಲ್ಲೆಲ್ಲ ನೀರು ಜಿನುಗುತ್ತಿತ್ತು. ಒಣಗಿದ್ದದ್ದು ರಾಶಿ ಮಾಡುವ ಕಣ ಮಾತ್ರ. ಅಲ್ಲಿ ಚಪ್ಪಲಿ ಹಾಕಿಕೊಂಡು ಯಾರೂ ಕಾಲಿಡುವುದಿಲ್ಲ. ಹೆಣದ ಮಾತಂತೂ ದೂರವೇ ಉಳಿಯಿತು.

ಅಕ್ಕನ ಅತ್ತೆ ಸಿದ್ದಮ್ಮ ಕಣದ ನಡುವೆ ಹೋಗಿ ನಿಂತಳು. "ಇಲ್ಲೇ ಕುಣಿ ತೆಗೀರಿ."

"ಕಣ ಮೈಲಿಗಿ ಆಗ್ತದ ಬೇ. ಇನ್ನ ರಾಶಿ ಎಲ್ಲಿ ಮಾಡ್ತಿ?" ಎಂದ ಪಕ್ಕದ ಹೊಲದವನು.

"ನೆಲ್ಲು ರಸ್ತೇದಾಗ ಬಡಕೊಂತೀನಿ. ನನ್ನ ಸೊಸಿ, ಕೂಸು ನೀರಾಗ ಮಲಗಬೇಕೇನು?"

ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ದೇವರ ಮಾತು ನಾಕು ಹೇಳವಾ. ಆಕಿಗಿ ಅದು ಬೇಕಿತ್ತು" ಎಂದಳು. ನಾನು ಅಳುತ್ತಲೇ ಪ್ರಾರ್ಥನೆ ಮಾಡಿದೆ. ಮುಗಿಯುವ ತನಕ ಸಿದ್ದಮ್ಮ ಕೈಮುಗಿದು ನಿಂತಿದ್ದಳು. ಅಪ್ಪ ಬರಲಿಲ್ಲ.

ಕೆಲವು ವರ್ಷಗಳ ನಂತರ ಅಪ್ಪ ತೀರಿಕೊಂಡ. ಅಕ್ಕ ಬೇಡಿದ್ದ ಆ ಜಾಗದಲ್ಲೇ ಅವನನ್ನು ಇಟ್ಟರು. ಸಭೆಯ ಒಂದು ನಿಯಮವನ್ನೂ ಮುರಿದವರಲ್ಲ ಎಂದು ಪಾಸ್ಟರ್ ಹೊಗಳಿದರು. ಅದು ಖರೆಯೇ.

ಎಲ್ಲರೂ ಹಿಡಿ ಮಣ್ಣು ಹಾಕುತ್ತಿದ್ದಾಗ, ಯಾರೂ ಕರೆಯದಿದ್ದರೂ ಸಿದ್ದಮ್ಮ ಬಂದಳು. "ಎಷ್ಟಂದ್ರೂ ನಮ್ಮ ಬೀಗರ್ರಿ" ಎಂದು ಬಗ್ಗಿ ಮಣ್ಣು ಹಾಕಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹುಟ್ಟಿದಾಗಿನಿಂದ ಚರ್ಚಿನಲ್ಲಿ ಕ್ಷಮೆಯ ಮಾತು ಕೇಳುತ್ತ ಬೆಳೆದವಳು ನಾನು. ಅಪ್ಪನಿಗೆ ಮಣ್ಣು ಹಾಕಲು ನನಗೆ ಕೈ ಏಳಲಿಲ್ಲ. ಅವನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ.