ಮಲಗಿದ ಟ್ಯಾಂಕಿನ ಲೆಕ್ಕ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಬಾಯ್ಲರಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದ ನೌಕರಿ. ಹಬೆಯ ಸದ್ದು ಕೇಳಿಯೇ ಒತ್ತಡ ಹೇಳಬಲ್ಲವರು. ಅಂಥವರಿಗೂ ಒಂದು ಮಧ್ಯಾಹ್ನ ಎಲ್ಲರೆದುರು ತಲೆ ತಗ್ಗಿಸಬೇಕಾಗಿ ಬಂತು.

ಹಿಂಭಾಗದ ಡೀಸೆಲ್ ಟ್ಯಾಂಕನ್ನು ಆಗಷ್ಟೇ ಬದಲಾಯಿಸಿದ್ದರು. ಹಳೆಯದು ಪೆಟ್ಟಿಗೆಯಂತಿತ್ತು. ಹೊಸದು ಮಲಗಿಸಿದ ಪೀಪಾಯಿ. ಎರಡು ಮೀಟರ್ ಎತ್ತರ, ಮೂರು ಮೀಟರ್ ಉದ್ದ. ಅಕ್ಕ ಅಳತೆಕೋಲು ಇಳಿಸಿದರು. ಐವತ್ತು ಸೆಂಟಿಮೀಟರ್ ಒದ್ದೆಯಾಗಿತ್ತು. ಕಾಲು ಟ್ಯಾಂಕ್ ಇದೆ, ಎರಡು ದಿನಕ್ಕೆ ಧಾರಾಳ ಎಂದು ಬರೆದುಕೊಟ್ಟರು. ಎರಡನೆಯ ದಿನ ಮಧ್ಯಾಹ್ನವೇ ಬಾಯ್ಲರ್ ಆರಿತು. ಒದ್ದೆ ಹಾಸಿಗೆ ಬಟ್ಟೆಗಳು ಗುಡ್ಡೆ ಬಿದ್ದವು.

“ನೀವೇ ಅಲ್ವಾ ಅಳೆದಿದ್ದು?” ಎಂದರು ಮೇಲ್ವಿಚಾರಕರು.

“ಹೌದು ಸಾರ್, ನಾನೇ.”

ಆ ಭಾನುವಾರ ಅವರು ತಂಗಿಯ ಮನೆಗೆ ಹೋದರು. ತಂಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಎಲ್ಲ ಕೇಳಿ, ಕಾಗದದ ಮೇಲೆ ಒಂದು ವೃತ್ತ ಬರೆದಳು.

“ನೋಡಕ್ಕ, ಇದು ದುಂಡಗಿದೆ. ತಳದಲ್ಲಿ ಕಿರಿದು, ನಡುವೆ ಅಗಲ. ಕೋಲಲ್ಲಿ ಕಾಲು ಅಂದ್ರೆ ಎಣ್ಣೆ ಕಾಲು ಅಲ್ಲ.”

“ಮತ್ತೆ ಎಷ್ಟು?”

“ನೀನೇ ಕಂಡುಹಿಡಿ” ಎಂದು ಗ್ರಾಫ್ ಬರೆಯುವ ದಪ್ಪ ಕ್ಯಾಲ್ಕುಲೇಟರೊಂದನ್ನು ಕೈಗಿಟ್ಟಳು. “ಇದ್ರಲ್ಲಿ ಪ್ರೋಗ್ರಾಮ್ ಬರೀಬಹುದು.”

“ಈ ವಯಸ್ಸಲ್ಲಾ?”

“ವಯಸ್ಸು ಕೇಳೋ ಬಟನ್ ಇದ್ರಲ್ಲಿ ಇಲ್ಲ.”

ಮೊದಲ ಪ್ರೋಗ್ರಾಮ್ ಎರಡೇ ಸಾಲು. ಒಂದು ಸಂಖ್ಯೆ ಕೇಳುವುದು, ಅದರ ಎರಡರಷ್ಟನ್ನು ತೋರಿಸುವುದು. ಏಳು ಕೊಟ್ಟರೆ ಹದಿನಾಲ್ಕು ಬಂತು. ಯಂತ್ರ ಎಲ್ಲಾದರೂ ಎಡವೀತೇ ಎಂದು ಅಕ್ಕ ಇನ್ನೂ ಹತ್ತು ಸಂಖ್ಯೆ ಕೊಟ್ಟು ನೋಡಿದರು. ಆಮೇಲೆ ತಂಗಿ ಬರೆದುಕೊಟ್ಟ ಟ್ಯಾಂಕಿನ ಸೂತ್ರವನ್ನು ಬಾಯ್ಲರ್ ಕೋಣೆಯಲ್ಲಿ ಊಟದ ಬಿಡುವಿನಲ್ಲಿ ಒಂದೊಂದೇ ಗುಂಡಿ ಒತ್ತಿ ತುಂಬಿದರು. ಐವತ್ತು ಕೊಟ್ಟರು. ಉತ್ತರ 1,78,701 ಲೀಟರ್. ಟ್ಯಾಂಕ್ ತುಂಬಿದರೂ ಒಂಬತ್ತೂವರೆ ಸಾವಿರ ದಾಟುತ್ತಿರಲಿಲ್ಲ.

ಮೂರು ದಿನ ತಲೆ ಕೆಡಿಸಿಕೊಂಡರು. ಪ್ರತಿ ಅಕ್ಷರವನ್ನೂ ಕಾಗದದೊಂದಿಗೆ ತಾಳೆ ನೋಡಿದರು, ತಪ್ಪು ಸಿಗಲಿಲ್ಲ. ಕೊನೆಗೆ ಫೋನ್ ಮಾಡಿದರು.

“ಸೂತ್ರದಲ್ಲಿ ಕೋನ ಇದೆಯಲ್ಲ, ಕ್ಯಾಲ್ಕುಲೇಟರ್ ಅದನ್ನ ಯಾವುದ್ರಲ್ಲಿ ಅಳೀತಿದೆ ನೋಡಕ್ಕ. ಡಿಗ್ರಿನಾ, ರೇಡಿಯನ್ನಾ?”

“ಡಿಗ್ರಿ.”

“ರೇಡಿಯನ್ ಮಾಡು.”

ಈಗ ಬಂದದ್ದು 1,843. ಕಾಲು ಟ್ಯಾಂಕ್ ಎಂದು ಅವರು ನಂಬಿದ್ದು 2,356. ಐನೂರಕ್ಕೂ ಹೆಚ್ಚು ಲೀಟರ್ ಎಣ್ಣೆ ಟ್ಯಾಂಕಿನಲ್ಲಿ ಇರಲೇ ಇಲ್ಲ.

ಮುಂದಿನ ಸಲ ಬೇಕೆಂದೇ ಎಣ್ಣೆ ಐವತ್ತಕ್ಕೆ ಇಳಿಯುವ ದಿನಕ್ಕೆ ಲಾರಿ ಬರಹೇಳಿದರು. ತರಿಸಿದ್ದು ಮೂರು ಸಾವಿರ ಲೀಟರ್. ಇದ್ದ 1,843ಕ್ಕೆ ಅದನ್ನು ಕೂಡಿಸಿ, ಯಾವ ಎತ್ತರಕ್ಕೆ ಎಷ್ಟು ಲೀಟರ್ ಎಂದು ಕ್ಯಾಲ್ಕುಲೇಟರ್ ಪರದೆಯ ಮೇಲೆ ಬರೆದ ಬಾಗಿದ ಗೆರೆಯಲ್ಲಿ ಚುಕ್ಕೆಯನ್ನು 4,843ರ ತನಕ ಸರಿಸಿ, ಎತ್ತರ ಓದಿಕೊಂಡು, ಲಾರಿಯವನು ಕೊಳವೆ ಜೋಡಿಸುವ ಮೊದಲೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 102 ಎಂದು ಬರೆದರು. ಮೇಲ್ವಿಚಾರಕರೂ ಬಂದು ನಿಂತರು. ತುಂಬಿಸಿದ ಮೇಲೆ ಕೋಲು ನೂರಾ ಎರಡಕ್ಕೆ ಒದ್ದೆಯಾಗಿತ್ತು.

“ಒರೆಸಿ ಇನ್ನೊಂದ್ಸಲ ಇಳಿಸಿ” ಎಂದರು ಮೇಲ್ವಿಚಾರಕರು. ಮತ್ತೆ ಅಷ್ಟೇ.

“ಎಷ್ಟು ಎತ್ತರಕ್ಕೆ ಎಷ್ಟು ಲೀಟರ್ ಅಂತ ಒಂದು ಪಟ್ಟಿ ಮಾಡಿ ಗೋಡೆಗೆ ಹಾಕ್ತೀರಾ?”

ಬಾಯ್ಲರ್ ಆರಿದ ಆ ಮಧ್ಯಾಹ್ನದ ಬಗ್ಗೆ ಮೇಲ್ವಿಚಾರಕರು ಏನಾದರೂ ಹೇಳಿಯಾರು ಎಂದು ಅಕ್ಕ ಲಾರಿ ಹೊರಡುವವರೆಗೂ ಅಲ್ಲೇ ನಿಂತಿದ್ದರು. ಅವರು ರಸೀದಿಗೆ ಸಹಿ ಹಾಕಿ ಕಚೇರಿಗೆ ಹೊರಟುಹೋದರು. ಅಕ್ಕ ಒಳಗೆ ಬಂದು, ಐದೈದು ಸೆಂಟಿಮೀಟರಿಗೆ ಒಂದರಂತೆ ತಾನಾಗಿಯೇ ಲೆಕ್ಕ ಮಾಡುತ್ತ ಹೋಗುವ ಪ್ರೋಗ್ರಾಮ್ ಬರೆದು, ನಲವತ್ತು ಸಾಲಿನ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರು.

ಮರುತಿಂಗಳು ನೀರಿನ ಟ್ಯಾಂಕಿಗೂ ಒಂದು ಪ್ರೋಗ್ರಾಮ್ ಬರೆದರು. ಅದನ್ನು ಯಾರೂ ಕೇಳಿರಲಿಲ್ಲ.