ಗೇಟಿನ ಹಲಗೆ ಮತ್ತು ಗಿರಿಜಕ್ಕನ ಬಾವಿ

2008ರಲ್ಲಿ ನಾನು ಕಾಸರಗೋಡು ಜಿಲ್ಲೆಯಲ್ಲಿ ಮಣ್ಣು ಸಂರಕ್ಷಣೆಯ ಓವರ್ಸಿಯರ್ ಆಗಿದ್ದೆ. ವರ್ಕಾಡಿಯಲ್ಲಿ ಕೆಂಪುಕಲ್ಲು ಕಡಿದು ಬಿಟ್ಟುಹೋಗಿದ್ದ ಒಂದು ಹೊಂಡವನ್ನು ನಾವು ಜೌಗು ಕೆರೆಯಾಗಿ ಮಾಡಿದ್ದೆವು. ಅಂಚುಗಳನ್ನು ಇಳಿಜಾರು ಮಾಡಿ, ಜೊಂಡು ನೆಟ್ಟು, ನೀರು ಹೊರಹೋಗುವಲ್ಲಿ ಗೇಟು ಕಟ್ಟಿಸಿದ್ದೆವು. ಗೇಟು ಎಂದರೆ ಭಾರೀ ಏನಲ್ಲ. ಎರಡು ಕಾಂಕ್ರೀಟ್ ಕಂಬಗಳ ಸೀಳಿನಲ್ಲಿ ಒಂದರ ಮೇಲೊಂದು ಕೂರುವ ಮರದ ಹಲಗೆಗಳು, ಪಕ್ಕದಲ್ಲಿ ನೀರಿನ ಮಟ್ಟ ನೋಡುವ ಸ್ಕೇಲು.

ಇಂಥ ಕೆರೆ ವರ್ಷವಿಡೀ ತುಂಬಿ ತುಳುಕಿದರೆ ಗೆದ್ದಂತಲ್ಲ. ಮಳೆಗಾಲ ಮುಗಿದ ಮೇಲೆ ಹಲಗೆ ತೆಗೆದು ನೀರನ್ನು ಮೆಲ್ಲಗೆ ಇಳಿಸಬೇಕು. ಇದಕ್ಕೆ ಡ್ರಾಡೌನ್ ಎನ್ನುತ್ತೇವೆ. ಅಂಚಿನ ಕೆಸರು ಹೊರಗೆ ಬಂದರೆ ಜೊಂಡಿನ ಬೀಜ ಮೊಳೆಯುತ್ತದೆ, ಕೆಸರು ಕೆದಕುವ ಹಕ್ಕಿಗಳು ಇಳಿಯುತ್ತವೆ. ಆ ಬೇಸಿಗೆಯಲ್ಲಿ ಇವೆರಡೂ ಕಾಣದಿದ್ದರೆ ಹೊಂಡಕ್ಕೆ ಮಣ್ಣು ತುಂಬಿಸಿಬಿಡುವುದೇ ಸರಿ ಎಂದು ಮೇಲಧಿಕಾರಿಗಳು ಹೇಳಿಯಾಗಿತ್ತು.

ಜನವರಿಯಲ್ಲಿ ಎರಡು ಹಲಗೆ ತೆಗೆಸಿದೆ. ಮರುವಾರ ಹೋದರೆ ನೀರು ಇದ್ದಲ್ಲೇ ಇದೆ. ಹಲಗೆಗಳು ವಾಪಸು ಕೂತಿವೆ! ಮತ್ತೆ ತೆಗೆಸಿದೆ, ಮತ್ತೆ ಕೂತವು. ಮೊದಲು ಕೆಲಸದವರ ಮೇಲೆ ಅನುಮಾನ ಬಂತು. ಆಮೇಲೆ ಕೆಳಗಿನ ಅಡಿಕೆ ತೋಟದ ಧಣಿಯ ಮೇಲೆ. ಹೋದಾಗಲೆಲ್ಲ ಕರೆದು ಎಳನೀರು ಕೊಡುತ್ತಿದ್ದರು. ಕಾರಣವಿಲ್ಲದೆ ಉಪಚಾರ ಮಾಡುವವರನ್ನು ನಾನು ಮೊದಲಿನಿಂದಲೂ ನಂಬುವುದಿಲ್ಲ. ಆದರೆ ಕೆರೆಯ ನೀರು ಇಳಿದರೆ ಹೋಗುವುದು ಅವರ ತೋಟಕ್ಕೇ. ಅವರು ಯಾಕೆ ತಡೆದಾರು?

ಮೂರನೆಯ ಸಲ ಬಗ್ಗಿ ನೋಡಿದೆ. ಹಲಗೆಯ ಸಂದುಗಳಿಗೆ ಜೇಡಿಮಣ್ಣು, ಬೈಹುಲ್ಲು ಮೆತ್ತಿತ್ತು. ನಮ್ಮ ಕಡೆ ಬೇಸಿಗೆಗೆ ಮುಂಚೆ ಊರವರು ಸೇರಿ ನೀರು ನಿಲ್ಲಿಸಲು ತೋಡಿಗೆ ಅಡ್ಡ ಕಟ್ಟ ಹಾಕುವುದು ಹೀಗೆಯೇ. ಆ ಮಣ್ಣಿನಲ್ಲಿ ಕತ್ತರಿಸಿದ ಬೀಡಿ ಎಲೆಯ ಚೂರುಗಳು ಅಂಟಿದ್ದವು. ಗೇಟು ಕಾಣುವ ದೂರದಲ್ಲಿ ಬೀಡಿ ಕಟ್ಟುವ ಮನೆ ಒಂದೇ: ಗಿರಿಜಕ್ಕನದು. ನೇರ ಅಲ್ಲಿಗೇ ಹೋದೆ.

"ಹಲಗೆ ಹಾಕಿದ್ದು ನೀವಾ?"

ಜಗಲಿಯಲ್ಲಿ ಕೂತಿದ್ದ ಅವರ ಕತ್ತರಿ ನಿಲ್ಲಲಿಲ್ಲ. "ನಾನೇ. ಕಟ್ಟ ಹಾಕಿದ ಮೇಲೆ ಮಳೆ ಬರುವವರೆಗೆ ಬಿಡಿಸ್ಲಿಕ್ಕುಂಟಾ? ನೀವು ಧಣಿಯ ಮನೇಲಿ ಬೊಂಡ ಕುಡಿಯುವುದು, ಹಲಗೆ ತೆಗೆಸುವುದು. ನನಗೆಂತ ಕಣ್ಣಿಲ್ವಾ ಮೇಡಂ?"

ನನಗೆ ಸಿಟ್ಟು ನೆತ್ತಿಗೇರಿತು. ಕುಡಿದ ಎರಡು ಎಳನೀರಿಗೆ ನಾನು ಕೆರೆಯನ್ನೇ ಮಾರಿದೆನೇ?

"ಎಂತ ಮಾತಾಡ್ತೀರಿ? ಅಲ್ಲಿ ನೆಟ್ಟ ಗಿಡ ಕೊಳೀತಾ ಉಂಟು."

"ಗಿಡಕ್ಕೆ ನೀವಿದ್ದೀರಿ. ನನ್ನ ಬಾವಿಗೆ ಯಾರುಂಟು?"

ಎದ್ದು ಹಿತ್ತಲಿಗೆ ಕರೆದುಕೊಂಡು ಹೋದರು. ಪ್ರತಿ ವರ್ಷ ಈ ಹೊತ್ತಿಗೆ ಬತ್ತಿ, ಕಂಡವರ ಬಾವಿಕಟ್ಟೆಗೆ ಕೊಡ ಹೊತ್ತು ಹೋಗುವಂತೆ ಮಾಡುತ್ತಿದ್ದ ಬಾವಿಯಲ್ಲಿ ಆ ಸಲ ನೀರು ನಿಂತಿತ್ತು. ಕೆರೆಯ ನೀರು ಕೆಂಪುಕಲ್ಲಿನೊಳಗಿಂದ ಜಿನುಗಿ ಬರುತ್ತಿತ್ತು. ನಾನು ಹಲಗೆ ಪೂರ್ತಿ ತೆಗೆದರೆ ಅವರ ಬಾವಿ ಹೋಗುತ್ತದೆ. ತೆಗೆಯದಿದ್ದರೆ ಕೆರೆಯೇ ಹೋಗುತ್ತದೆ, ಹಿಂದೆಯೇ ಬಾವಿಯೂ. ಇದನ್ನು ಹೇಳಿದರೆ ಅವರು ನಂಬಲಿಲ್ಲ. "ನೋಡುವ" ಎಂದರು, ಅಷ್ಟೆ.

ಬಾವಿಗೆ ಹಗ್ಗ ಇಳಿಬಿಟ್ಟು ನೀರು ಮುಟ್ಟುವಲ್ಲಿ ಗಂಟು ಹಾಕಿದೆವು. ಅವರ ಎದುರಿಗೇ ಒಂದು ಹಲಗೆ ತೆಗೆಸಿದೆ. ಬಾವಿಯ ನೀರು ಗಂಟಿನಿಂದ ತುಸು ಇಳಿದು ನಿಂತಿತು. ಎರಡನೆಯದು ತೆಗೆದಾಗ ಸರಸರ ಇಳಿಯತೊಡಗಿತು. ಅದನ್ನು ವಾಪಸು ಹಾಕಿಸಿದೆ. ನಾನು ಹಗ್ಗ ಮುಟ್ಟಿದರೆ ಗಂಟು ಬದಲಿಸುತ್ತೇನೋ ಎಂದು ಗಿರಿಜಕ್ಕ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು. ಅವರು ಗೇಟಿನ ಕಡೆ ಹೊರಟರೆ ನಾನೂ ಹಿಂದೆಯೇ ಹೋಗುತ್ತಿದ್ದೆ.

ಏಪ್ರಿಲ್‌ನಲ್ಲಿ ಮೇಲಧಿಕಾರಿಗಳು ಬಂದಾಗ ಒಂದು ಬದಿಯಲ್ಲಿ ಮಾತ್ರ ಕೆಸರಿನ ಅಂಚು, ಎಳೆ ಜೊಂಡು, ಕೆಸರು ಕೆದಕುವ ನಾಲ್ಕಾರು ಗೊರವ ಹಕ್ಕಿಗಳು. "ಇಷ್ಟೇನಾ?" ಎಂದರು. ಬಾವಿಯ ಹತ್ತಿರ ಕರೆದುಕೊಂಡು ಹೋಗಿ, ಗಿರಿಜಕ್ಕ ಸೇದಿದ ನೀರನ್ನು ಕುಡಿಸಿದೆ. ಕೆರೆ ಉಳಿಯಿತು.

ಕೆರೆ ಗೆದ್ದಿತೇ ಎಂಬುದನ್ನು ಗೇಟಿನ ಸ್ಕೇಲೊಂದೇ ಹೇಳುವುದಿಲ್ಲ, ಪಕ್ಕದ ಬಾವಿಯಲ್ಲೂ ಇಣುಕಬೇಕು ಎಂಬುದು ನಾನು ಕಲಿತ ಪಾಠ. ಇನ್ನೊಂದು ಪಾಠ ವರ್ಗವಾದ ಮೇಲೆ ಬಂತು. ನನ್ನ ಜಾಗಕ್ಕೆ ಬಂದವರು ಒಂದು ದಿನ ಫೋನ್ ಮಾಡಿದರು: "ಮೇಡಂ, ಆ ಬೀಡಿ ಕಟ್ಟುವ ಹೆಂಗಸು ಒಂದು ಹಲಗೆ ತೆಗೆದ ಮೇಲೆ ಇನ್ನೊಂದು ಮುಟ್ಲಿಕ್ಕೆ ಬಿಡುವುದಿಲ್ಲ. ಏನೋ ಕಳ್ಳಾಟ ಉಂಟು."

"ನೀವು ಧಣಿಯ ಮನೇಲಿ ಬೊಂಡ ಕುಡಿದ್ರಾ?" ಎಂದು ಕೇಳಿದೆ.

"ಎರಡು ಸಲ. ನಿಮಗೆ ಯಾರು ಹೇಳಿದ್ದು?" ಎಂದರು. ಗಿರಿಜಕ್ಕನ ಕಣ್ಣು ಗೇಟಿನ ಮೇಲಿರುವವರೆಗೆ ಆ ಕೆರೆಯ ಚಿಂತೆ ನನಗೆ ಬೇಡ ಅನಿಸಿತು.